ದೇವಿಮನೆ ಘಟ್ಟದಲ್ಲಿ ಮೂವರು ಹೊಸ ಸವಾರರು: ಒಂದು ಟಿವಿ ಸೈಕಲ್ ಸವಾಲಿನ ಪ್ರಕರಣ ಅಧ್ಯಯನ

ಕುಮಟಾದ ವನ್ನಳ್ಳಿ ಕಡಲತೀರದಿಂದ ಹೊರಟು, ದೇವಿಮನೆ ಘಟ್ಟ ಹತ್ತಿ, ಶಿರಸಿಯ ಮಾರಿಗುಡಿ ಮುಟ್ಟಬೇಕು. ಸುಮಾರು 60 ಕಿಲೋಮೀಟರ್ ದಾರಿ. ವಾಹಿನಿಯೊಂದರ ಕಾರ್ಯಕ್ರಮಕ್ಕಾಗಿ ಇದನ್ನು ಸೈಕಲ್ ಮೇಲೆ ಕ್ರಮಿಸಲು ಒಪ್ಪಿದವರು ಮೂವರು: ಒಬ್ಬ ಧಾರಾವಾಹಿ ನಟಿ, ಒಬ್ಬ ಮಾಜಿ ಕಬಡ್ಡಿ ಆಟಗಾರ, ಯಕ್ಷಗಾನದ ಬಡಗುತಿಟ್ಟಿನ ಒಬ್ಬ ವೇಷಧಾರಿ. ಮೂವರೂ ಜನ ಗುರುತು ಹಿಡಿಯುವವರು. ಘಟ್ಟದ ಸೈಕಲ್ ಸವಾರಿ ಮೂವರಿಗೂ ಹೊಸದು. ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದ ಕಬಡ್ಡಿ ಆಟಗಾರ ದೇವಿಮನೆ ತಲುಪುವ ಮೊದಲೇ ರಸ್ತೆ ಬದಿಯಲ್ಲಿ ಕುಸಿದರು. ಐವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದ ವೇಷಧಾರಿ ಶಿರಸಿ ಮುಟ್ಟಿದರು. ನಟಿಯೂ ಮುಟ್ಟಿದರು, ಆದರೆ ತಮ್ಮದೇ ದಾರಿ ಕಂಡುಕೊಂಡು.

ಮೂವರಿಗೂ ತರಬೇತಿ ಕೊಟ್ಟವನು ನಾನು. ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು, ಈ ಭಾಗದ ಹುಡುಗ ಹುಡುಗಿಯರಿಗೆ ಸೈಕಲ್ ರೇಸಿಂಗ್ ಕಲಿಸುತ್ತ ಬಂದಿದ್ದೇನೆ. ಮೂವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ನಡೆದದ್ದನ್ನು ಬರೆಯುತ್ತಿದ್ದೇನೆ. ಆ ದಿನ ಹದಗೆಟ್ಟದ್ದಕ್ಕೆ ಘಟ್ಟದ ಏರಾಗಲಿ, ಸವಾರರ ಅನನುಭವವಾಗಲಿ ಮುಖ್ಯ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಹೊರಡುವ ಹೊತ್ತು ತಪ್ಪಿತು. ಹೊತ್ತು ತಪ್ಪಿದ ಮೇಲೆ ದಾರಿ ಕಡಿಮೆ ಮಾಡಲು ಅಧಿಕಾರವಿದ್ದವರು ಒಪ್ಪಲಿಲ್ಲ. ಉಳಿದದ್ದೆಲ್ಲ ಇವೆರಡರ ಬೆನ್ನಿಗೆ ಬಂದದ್ದು.

ಮಾದರಿ ಎಲ್ಲಿಂದ ಬಂತು

ಕಾರ್ಯಕ್ರಮದವರು ನನ್ನಲ್ಲಿಗೆ ಬರುವಾಗಲೇ ಒಂದು ಮಾದರಿ ಹಿಡಿದುಕೊಂಡು ಬಂದಿದ್ದರು. 2016ರಲ್ಲಿ ಬ್ರಿಟನ್ನಿನ ಚಾನೆಲ್ 5 ವಾಹಿನಿ ‘ಟೂರ್ ಡಿ ಸೆಲೆಬ್’ ಎಂಬ ಸರಣಿ ಮಾಡಿತ್ತು. ಇಂಗ್ಲೆಂಡಿನ ವೇಗದ ಬೌಲರ್ ಆಗಿದ್ದ ಡ್ಯಾರೆನ್ ಗಾಫ್, ರಗ್ಬಿ ಆಟಗಾರ ಆಸ್ಟಿನ್ ಹೀಲಿ, ರೂಪದರ್ಶಿ ಜೋಡಿ ಕಿಡ್ ಮೊದಲಾದವರಿಗೆ ತರಬೇತಿ ಕೊಟ್ಟು, ಫ್ರಾನ್ಸಿನ ಆಲ್ಪ್ಸ್ ಪರ್ವತಗಳಲ್ಲಿ ನಡೆಯುವ ‘ಎಟಾಪ್ ದು ಟೂರ್’ ಸವಾರಿಗೆ ಇಳಿಸುವ ಸರಣಿ ಅದು. ಟೂರ್ ಡಿ ಫ್ರಾನ್ಸ್‌ನ ಒಂದು ದಿನದ ಹಾದಿಯನ್ನು ಹವ್ಯಾಸಿ ಸವಾರರಿಗೂ ತೆರೆದುಕೊಡುವ ಈ ಎಟಾಪ್ 1993ರಲ್ಲಿ ಶುರುವಾದದ್ದು, ಸಾವಿರಾರು ಜನ ಸೇರುವಂಥದ್ದು. ಅಂದು ಆ ರಸ್ತೆಗೆ ಬೇರೆ ವಾಹನ ಬಿಡುವುದಿಲ್ಲ. ದಾರಿಯುದ್ದಕ್ಕೂ ನೀರು, ತಿಂಡಿ ಇಟ್ಟಿರುತ್ತಾರೆ. ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ; ನಿಗದಿಯಾದ ಹೊತ್ತಿಗಿಂತ ಹಿಂದೆ ಬಿದ್ದವರನ್ನು, ಅವರು ಯಾರೇ ಆಗಿರಲಿ, ಅದು ಹತ್ತಿಸಿಕೊಂಡು ಹೋಗುತ್ತದೆ.

ಆ ವರ್ಷದ ಎಟಾಪ್ ಮೆಜೆವ್‌ನಿಂದ ಮೊರ್ಜಿನ್ ಪಟ್ಟಣಕ್ಕೆ, 146 ಕಿ.ಮೀ. ಅರಾವಿ, ಕೊಲಂಬಿಯೆರ್, ರಮಾಜ್, ಕೊನೆಗೆ ಜು ಪ್ಲಾನ್ ಎಂದು ನಾಲ್ಕು ಏರುಗಳು. ಜು ಪ್ಲಾನ್ ಒಂದೇ 11.6 ಕಿ.ಮೀ. ಉದ್ದ, ಸರಾಸರಿ ಶೇ 8.5 ಏರು, ಅಂದರೆ ನೂರು ಮೀಟರ್ ಹೋದರೆ ಎಂಟೂವರೆ ಮೀಟರ್ ಮೇಲೆ. ಆದರೆ ಸವಾರಿಗೆ ಮುಂಚೆ ರಮಾಜ್ ದಾರಿಯಲ್ಲಿ ಭೂಕುಸಿತವಾಯಿತು. ಸಂಘಟಕರು ಆ ಏರನ್ನೇ ಕೈಬಿಟ್ಟು ಹಾದಿಯನ್ನು 122 ಕಿ.ಮೀ.ಗೆ ಇಳಿಸಿದರು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜಾರಿದ್ದನ್ನು ಕಂಡ ನಮ್ಮ ಜಿಲ್ಲೆಯವರಿಗೆ ಆ ನಿರ್ಧಾರದ ತೂಕ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಪರ್ವತ ಬಿಟ್ಟರೂ ಸವಾಲು ಸವಾಲಾಗಿಯೇ ಉಳಿಯಿತು, ಕೊನೆಗೆ ಜು ಪ್ಲಾನ್ ಹತ್ತಲೇಬೇಕಿತ್ತು.

ಇದನ್ನು ನಾನು ಮೊದಲ ಮಾತುಕತೆಯಲ್ಲೇ ಹೇಳಿದ್ದೆ. ಇನ್ನೊಂದು ಉದಾಹರಣೆಯನ್ನೂ ಕೊಟ್ಟಿದ್ದೆ: 2010ರಲ್ಲಿ ಹಾಸ್ಯನಟ ಡೇವಿಡ್ ವಾಲಿಯಮ್ಸ್ ಮತ್ತು ಗೆಳೆಯರು ಸ್ಪೋರ್ಟ್ ರಿಲೀಫ್ ದೇಣಿಗೆಗಾಗಿ ಬ್ರಿಟನ್ನಿನ ಉತ್ತರ ತುದಿಯಿಂದ ನೈಋತ್ಯ ತುದಿಯವರೆಗೆ ಸೈಕಲ್ ಹೊಡೆದದ್ದು ಸರದಿಯ ಮೇಲೆ. ಒಬ್ಬರು ತುಳಿಯುವಾಗ ಉಳಿದವರಿಗೆ ವಿಶ್ರಾಂತಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ನಮ್ಮ ಕಾರ್ಯಕ್ರಮದವರಿಗೆ ಅದು ರುಚಿಸಲಿಲ್ಲ. “ಮೂವರೂ ಪೂರ್ತಿ ಹೊಡೀಬೇಕು ಸರ್, ಅದರಲ್ಲೇ ಇರೋದು ಮಜಾ” ಎಂದರು. ಫ್ರಾನ್ಸಿನ ಮಾದರಿಯಿಂದ ಪರ್ವತವನ್ನು ತೆಗೆದುಕೊಂಡರು. ಮುಚ್ಚಿದ ರಸ್ತೆ, ಹಿಂದಿನ ಗಾಡಿ, ದಾರಿ ತುಂಡರಿಸುವ ಮನಸ್ಸು ಅಲ್ಲೇ ಉಳಿದವು.

ಘಟ್ಟದ ಲೆಕ್ಕ

ಕುಮಟಾದಿಂದ ಹೆದ್ದಾರಿ ಬಿಟ್ಟು ಬಲಕ್ಕೆ ಶಿರಸಿ ರಸ್ತೆ ಹಿಡಿದರೆ ಕತಗಾಲದವರೆಗೆ ಹೆಚ್ಚುಕಮ್ಮಿ ಸಪಾಟು. ಅದರಾಚೆ ಘಟ್ಟ ಶುರು. ದೇವಿಮನೆ ಮುಟ್ಟಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ ಜನ, ಬಸ್ಸಿನಲ್ಲಿ ಹೋಗುವವರಿಗೆ ಹಾಗೇ ಕಾಣುತ್ತದೆ. ಸೈಕಲ್ಲಿಗೆ ಹಾಗಲ್ಲ. ಬಂಡಲ, ರಾಗಿಹೊಸಳ್ಳಿ ಕಡೆ ರಸ್ತೆ ಇಳಿದು ಏರಿ, ಇಳಿದು ಏರಿ ಹೋಗುತ್ತದೆ, ಶಿರಸಿ ಇರುವುದು ಕಡಲಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಅರ್ಧ ಶಕ್ತಿಯನ್ನು ದೇವಿಮನೆಯಾಚೆಗೆ ಉಳಿಸಿಕೊಳ್ಳದವನಿಗೆ ಶಿರಸಿ ಸಿಗುವುದಿಲ್ಲ.

75 ಕಿಲೋ ತೂಕದವರು 11 ಕಿಲೋ ಸೈಕಲ್ಲಿನಲ್ಲಿ ಶೇ 6ರ ಏರನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 125 ವಾಟ್ ಬೇಕು. ಅದೇ ಏರನ್ನು 12 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ 195 ವಾಟ್ ಹತ್ತಿರ ಹೋಗುತ್ತದೆ. ಕಣ್ಣಿಗೆ ಕಾಣುವ ವ್ಯತ್ಯಾಸ ಗಂಟೆಗೆ ನಾಲ್ಕು ಕಿಲೋಮೀಟರ್ ಅಷ್ಟೇ. ಮೊದಲನೆಯದನ್ನು ಒಂದೂವರೆ ತಿಂಗಳು ತಯಾರಾದ ಹೊಸಬರು ಗಂಟೆಗಟ್ಟಲೆ ನಿಭಾಯಿಸಬಹುದು. ಎರಡನೆಯದು ಅವರನ್ನು ಬೇಗ ಖಾಲಿ ಮಾಡುತ್ತದೆ.

ಪ್ರಾಯೋಜಕರು ಕಳಿಸಿದ ಸೈಕಲ್ಲುಗಳು ನೋಡಲು ಬಹಳ ಚೆಂದ ಇದ್ದವು. ಆದರೆ ಮುಂದಿನ ಚಿಕ್ಕ ಚಕ್ರಕ್ಕೆ 39 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 25. ಇದರಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದರೆ ಪೆಡಲು ನಿಮಿಷಕ್ಕೆ ಸುಮಾರು 40 ಸುತ್ತು ತಿರುಗುತ್ತದೆ. ಪ್ರತಿ ಸುತ್ತೂ ಮೊಣಕಾಲಿನ ಮೇಲೆ ಹಾರೆ ಹಾಕಿದ ಹಾಗೆ. ಮುಂದೆ 34, ಹಿಂದೆ 34 ಹಲ್ಲಿನದಕ್ಕೆ ಬದಲಾಯಿಸಿಕೊಂಡೆವು. ಅದೇ ವೇಗಕ್ಕೆ ನಿಮಿಷಕ್ಕೆ 60ಕ್ಕೂ ಹೆಚ್ಚು ಸುತ್ತು ಸಿಕ್ಕಿತು. ಶೂ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಬೇಡವೆಂದು ಹಠ ಹಿಡಿದು ಸಾದಾ ಪೆಡಲು ಹಾಕಿಸಿದೆ. ಹಿಂದೆ ಲಾರಿ ಹಾರ್ನ್ ಹೊಡೆದಾಗ ಗಾಬರಿಯಲ್ಲಿ ಕಾಲು ಬಿಡಿಸಿಕೊಳ್ಳಲು ಆಗದೆ ಬಲಕ್ಕೆ ಬಿದ್ದರೆ ಏನಾಗುತ್ತದೆಂದು ಘಟ್ಟದಲ್ಲಿ ಓಡಾಡುವ ಯಾರಿಗೂ ಗೊತ್ತು. ಈ ಎರಡು ವಿಷಯಗಳಲ್ಲಿ ಕಾರ್ಯಕ್ರಮದವರು ನನ್ನ ಮಾತು ಪೂರ್ತಿ ಕೇಳಿದರು.

ಮೂವರು

ಕಬಡ್ಡಿ ಆಟಗಾರ ಹುಬ್ಬಳ್ಳಿ ಕಡೆಯವರು, ಈಗ ಇರುವುದು ಬೆಂಗಳೂರಿನಲ್ಲಿ. ತೊಡೆ, ಭುಜ, ಉಸಿರು ಎಲ್ಲವೂ ಕ್ರೀಡಾಪಟುವಿನದೇ. ಮೊದಲ ದಿನ ಸಪಾಟು ರಸ್ತೆಯಲ್ಲಿ ನನ್ನ ರೇಸಿಂಗ್ ಹುಡುಗರನ್ನೇ ಹಿಂದೆ ಹಾಕಿದರು. ಆದರೆ ಅವರ ದೇಹ ಪಳಗಿದ್ದು 30 ಸೆಕೆಂಡಿನ ರೈಡಿಗೆ, ಅಂದರೆ ಕಬಡ್ಡಿಯ ದಾಳಿಗೆ. ಒಳಗೆ ನುಗ್ಗು, ಮುಟ್ಟು, ಜೀವ ಬಿಟ್ಟು ಗೆರೆ ದಾಟು, ಆಮೇಲೆ ಉಸಿರು ತಗೋ. ಏರು ಕಂಡ ಕೂಡಲೇ ಸೀಟಿನಿಂದ ಎದ್ದು ನಿಲ್ಲುತ್ತಿದ್ದರು. ನಿಧಾನ ಎಂದರೆ, “ಕಾಲು ಇನ್ನೂ ಗಟ್ಟಿ ಅದಾವ ಸರ್” ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಕಾಲು ಗಟ್ಟಿ ಇರುವಾಗಲೇ ಮೈ ಕಾಯುತ್ತಿರುತ್ತದೆ, ಕಾಲಿಗೆ ಅದು ತಿಳಿಯುವುದಿಲ್ಲ.

ನಟಿ ಕೊನೆಯ ಸಲ ಸೈಕಲ್ ತುಳಿದದ್ದು ಹೈಸ್ಕೂಲಿನಲ್ಲಿ. ಹೇಳಿದ್ದನ್ನು ಬರೆದಿಟ್ಟುಕೊಂಡು ಚಾಚೂ ತಪ್ಪದೆ ಮಾಡುವವರು. ಎರಡನೇ ವಾರದಲ್ಲಿ ಅವರು ಪದೇ ಪದೇ ಪೆಡಲಿನ ಮೇಲೆ ಎದ್ದು ನಿಲ್ಲುವುದನ್ನು ಕಂಡೆ. ಕೇಳಿದರೆ “ಏನಿಲ್ಲ ಸರ್” ಎಂದರು. ನನ್ನ ಬಳಿ ಕಲಿಯುವ ಕಾಲೇಜು ಹುಡುಗಿಯೊಬ್ಬಳನ್ನು ಅವರ ಜೊತೆ ಬಿಟ್ಟ ಮೇಲೆ ವಿಷಯ ಹೊರಬಂತು: ಸೀಟು ತಾಗಿ ತೊಡೆಸಂದು ಹುಣ್ಣಾಗಿತ್ತು, ಹೇಳಲು ಸಂಕೋಚ. ವಸ್ತ್ರವಿನ್ಯಾಸದವರು ಕೊಟ್ಟ ದಪ್ಪ ಹೊಲಿಗೆಯ ಬಿಗಿ ಪ್ಯಾಂಟೇ ಕಾರಣ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ, ಅದರೊಳಗೆ ಒಳಉಡುಪು ಬೇಡ, ತಿಕ್ಕುವ ಜಾಗಕ್ಕೆ ವ್ಯಾಸಲಿನ್, ಕೂರುವ ಮೂಳೆಗಳ ಅಗಲಕ್ಕೆ ಹೊಂದುವ ಸೀಟು. ಇಷ್ಟು ಮಾಡಿ ನಾಲ್ಕು ದಿನ ಬಿಡುವು ಕೊಟ್ಟ ಮೇಲೆ ಅವರ ಸವಾರಿಯೇ ಬದಲಾಯಿತು. ಹೊಸಬರು ಸೈಕಲ್ ಬಿಟ್ಟುಬಿಡಲು ದೊಡ್ಡ ಕಾರಣ ಇದೇ. ತರಬೇತುದಾರರು ಗಂಡಸರಾದಾಗ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. ಆದ್ದರಿಂದ ತಂಡದಲ್ಲಿ ಒಬ್ಬ ಹೆಂಗಸು ಇರಲೇಬೇಕು.

ವೇಷಧಾರಿ ಹೊನ್ನಾವರ ತಾಲ್ಲೂಕಿನವರು, ಮೇಳದ ತಿರುಗಾಟದಲ್ಲಿ ಬೆಳೆದವರು. ಕಾಲಮಿತಿಯ ಆಟಗಳು ಬರುವ ಮೊದಲು ಇಡೀ ರಾತ್ರಿಯ ಪ್ರಸಂಗಗಳಲ್ಲಿ ಕುಣಿದ ಕಾಲುಗಳು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದ್ದನ್ನು ಕಂಡ ಜಿಲ್ಲೆ ಇದು, ವೇಷಧಾರಿಗಳ ದಮ್ಮನ್ನು ಲಘುವಾಗಿ ನೋಡುವಂತಿಲ್ಲ. ಮೊದಲ ಭೇಟಿಯಲ್ಲೇ ಅವರು ಹೇಳಿದ್ದು: “ಮಾಸ್ತರ್ರೇ, ಹತ್ತು ಗಂಟೆಗೆ ಗೆಜ್ಜೆ ಕಟ್ಟಿದವ ಬೆಳಗಿನ ಮಂಗಳದವರೆಗೂ ನಿಲ್ಲಬೇಕು. ಮೊದಲ ಪದ್ಯಕ್ಕೇ ಪೂರಾ ಕುಣಿದುಬಿಟ್ಟರೆ ಯುದ್ಧದ ಹೊತ್ತಿಗೆ ಎಂತ ಉಳೀತು?”

ಏರಿನಲ್ಲಿ ಎಷ್ಟು ಜೋರು ಹೋಗಬೇಕೆಂದು ತಿಳಿಯಲು ನಾನು ಎಲ್ಲರಿಗೂ ಹೇಳಿಕೊಡುವುದು ಒಂದೇ ಅಳತೆ: ತಡೆಯದೆ ಒಂದು ವಾಕ್ಯ ಮಾತಾಡಲು ಆಗಬೇಕು. ಉಳಿದಿಬ್ಬರು ಒಂದೆರಡು ಮಾತಾಡಿ ಸುಮ್ಮನಾಗುತ್ತಿದ್ದರು. ಇವರು ಕರ್ಣ ಶಲ್ಯನೊಡನೆ ಆಡುವ ಅರ್ಥವನ್ನೇ, ಅಂದರೆ ಪ್ರಸಂಗದ ಮಾತುಗಳನ್ನೇ, ಹೇಳುತ್ತ ಘಟ್ಟ ಹತ್ತುತ್ತಿದ್ದರು. ವಾಕ್ಯದ ನಡುವೆ ಉಸಿರು ತುಂಡಾದರೆ ತಕ್ಷಣ ಗೇರು ಇಳಿಸುತ್ತಿದ್ದರು. ನಾನು ಕಟ್ಟಿದ್ದ ಹೃದಯಬಡಿತದ ಪಟ್ಟಿ ತೋರಿಸಿದ್ದಕ್ಕೂ ಅವರ ಉಸಿರು ತುಂಡಾದ ಜಾಗಕ್ಕೂ ಪ್ರತಿ ಬಾರಿ ತಾಳೆಯಾಗುತ್ತಿತ್ತು. ಇಷ್ಟು ನಿಖರವಾಗಿ ತಮ್ಮ ದೇಹವನ್ನು ಓದುವ ಶಿಷ್ಯರು ನನಗೆ ಸಿಕ್ಕಿದ್ದು ಕಡಿಮೆ.

ಸೆಕೆ, ನೀರು, ಉಪ್ಪು

ಮಾರ್ಚಿನ ಕರಾವಳಿ ಸೆಕೆ ಬಯಲುಸೀಮೆಯ ಬಿಸಿಲಿನಂತಲ್ಲ. ಗಾಳಿಯಲ್ಲಿ ಪಸೆ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹವಾಮಾನ ಇಲಾಖೆ ಬಯಲಿನಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಲೆಕ್ಕ ಹಾಕುತ್ತದೆ, ಕರಾವಳಿಯಲ್ಲಿ 37ಕ್ಕೇ. ಈ ಸೆಕೆಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಶುರುವಾಗುವುದನ್ನು, ಬೆವರಿನಲ್ಲಿ ಉಪ್ಪು ಕಡಿಮೆ ಕಳೆಯುವುದನ್ನು ದೇಹ ಕಲಿಯುತ್ತದೆ.

ಆದ್ದರಿಂದ ಕೊನೆಯ ಎರಡು ವಾರ ಕುಮಟಾದಲ್ಲೇ ಇರಬೇಕೆಂದು ಕೇಳಿದ್ದೆ. ನಟಿ ಧಾರಾವಾಹಿಯ ದಿನಾಂಕಗಳನ್ನು ಹೊಂದಿಸಿಕೊಂಡು ಹತ್ತು ದಿನ ಮೊದಲೇ ಬಂದರು. ವೇಷಧಾರಿಗೆ ಇದು ಹುಟ್ಟೂರಿನ ಹವೆ. ಕಬಡ್ಡಿ ಆಟಗಾರರಿಗೆ ಜಾಹೀರಾತಿನ ಕೆಲಸಗಳಿದ್ದವು, ಬಂದದ್ದು ಮೂರು ದಿನ ಮೊದಲು. ಸವಾರಿಯ ಮುಂಚೆ, ನಂತರ ತೂಕ ನೋಡಿದಾಗ ಅವರು ಗಂಟೆಗೆ ಒಂದೂವರೆ ಲೀಟರಿನಷ್ಟು ಬೆವರುವುದು ಕಂಡಿತು. ಇಷ್ಟು ಬೆವರುವವರು ಬರೀ ನೀರು ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಅದಕ್ಕೇ ಓಆರ್‌ಎಸ್ ಕಡ್ಡಾಯ ಮಾಡಿದ್ದೆ: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ, ಸಿಟ್ರೇಟ್ ಇರುವ ಪೊಟ್ಟಣ. ವೇಷಧಾರಿ ಒಂದು ಬಾಟಲಿಯಲ್ಲಿ ಅದನ್ನೂ ಇನ್ನೊಂದರಲ್ಲಿ ಮನೆಯಲ್ಲಿ ಮಾವಿನಕಾಯಿಯಿಂದ ಮಾಡಿದ ಅಪ್ಪೆಹುಳಿಯನ್ನೂ ತರುತ್ತಿದ್ದರು. ಉಪ್ಪು ಹುಳಿ ನಾಲಗೆಗೆ ಹಿಡಿಸುವುದರಿಂದ ಜನ ಹೆಚ್ಚು ಕುಡಿಯುತ್ತಾರೆ, ಹಾಗಾಗಿ ನಾನು ತಡೆಯಲಿಲ್ಲ. ಬೆಳಿಗ್ಗೆ ಗಂಜಿ, ಮಿಡಿ ಉಪ್ಪಿನಕಾಯಿ. ದಾರಿಯಲ್ಲಿ ಬಾಳೆಹಣ್ಣು, ಶೇಂಗಾ ಚಿಕ್ಕಿ.

ಆ ದಿನ

ಯೋಜನೆ ಸರಳವಾಗಿತ್ತು. ಬೆಳಿಗ್ಗೆ 6ಕ್ಕೆ ವನ್ನಳ್ಳಿ ಬಿಡುವುದು, 7.15ಕ್ಕೆಲ್ಲ ಕತಗಾಲ ದಾಟುವುದು, ಬಿಸಿಲು ಏರುವ ಮೊದಲು, 9 ಗಂಟೆಯೊಳಗೆ ದೇವಿಮನೆ. ಅಲ್ಲಿಂದ ಮುಂದೆ ಎಷ್ಟು ನಿಧಾನವಾದರೂ ತೊಂದರೆಯಿಲ್ಲ, ಘಟ್ಟದ ಮೇಲಿನ ಗಾಳಿ ಬೇರೆ.

5.45ಕ್ಕೆ ಮೂವರೂ ತಯಾರಾಗಿ ನಿಂತಿದ್ದರು. ಕಡಲ ಮೇಲೆ ಬೆಳಕು ಬೀಳಲಿ, ಡ್ರೋನ್ ಶಾಟ್ ಬೇಕು ಎಂದರು ಕಾರ್ಯಕ್ರಮದವರು. ನಮ್ಮ ಕಡೆ ಸೂರ್ಯ ಏಳುವುದು ಗುಡ್ಡದ ಹಿಂದಿನಿಂದ, ಅಲೆಗಳ ಮೇಲೆ ಹೊಳಪು ಬರಲು ಹೊತ್ತು ಬೇಕು. ಹೊಳಪು ಬಂದ ಮೇಲೆ, ಬಾವುಟ ತೋರಿಸಲು ಬರಬೇಕಿದ್ದ ಗಣ್ಯರು ಬಂದಿರಲಿಲ್ಲ. ಅವರು ಬಂದ ಮೇಲೆ ಅದೇ ಬಾವುಟ ಎರಡು ಸಲ ಬೀಸಿಸಿದರು. ಸವಾರಿ ಹೊರಟಾಗ 8.35. ಐದು ಗಂಟೆಗೆ ಉಂಡ ಗಂಜಿ ಕರಗಿಹೋಗಿತ್ತು. ಕಬಡ್ಡಿ ಆಟಗಾರ ಕಾಯುತ್ತ ನಿಂತಷ್ಟು ಹೊತ್ತೂ ಒಂದರ ಹಿಂದೊಂದು ಬಾಟಲಿ ಸಾದಾ ನೀರು ಕುಡಿದಿದ್ದರು.

ಹೊರಡುವ ಮುನ್ನ ಡೈರೆಕ್ಟರನ್ನು ಪಕ್ಕಕ್ಕೆ ಕರೆದು ಎರಡು ದಾರಿ ಹೇಳಿದೆ. ಕತಗಾಲದವರೆಗೆ ಗಾಡಿಯಲ್ಲಿ ಹೋಗಿ ಘಟ್ಟದ ಬುಡದಿಂದ ಸೈಕಲ್ ಹತ್ತೋಣ. ಇಲ್ಲವೇ ಇಲ್ಲಿಂದಲೇ ಹೊರಟು ಇವತ್ತಿಗೆ ದೇವಿಮನೆಯಲ್ಲಿ ನಿಲ್ಲಿಸೋಣ, ಉಳಿದದ್ದು ನಾಳೆ. ಎಟಾಪ್‌ನವರು ಒಂದು ಏರು ಕೈಬಿಟ್ಟ ಕಥೆಯನ್ನು ಮತ್ತೆ ನೆನಪಿಸಿದೆ. “ಕಡಲು ಬಿಟ್ಟರೆ ಕಥೆಯೇ ಇಲ್ಲ ಸರ್. ನಾಳೆಗೆ ಯೂನಿಟ್ ಇಲ್ಲ” ಎಂದರು. ಆ ಹುಡುಗ ಕೆಟ್ಟವನಲ್ಲ. ಒಂದು ದಿನ ಹೆಚ್ಚಾದರೆ ಮೇಲಿನವರಿಗೆ ಲೆಕ್ಕ ಕೊಡಬೇಕಾದವನು. ಆದರೆ ಮೂವರ ಮೈಯ ಬಿಸಿಗೆ ಲೆಕ್ಕ ಕೊಡುವವರು ಯಾರು ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ಉತ್ತರವಿರಲಿಲ್ಲ. ತರಬೇತಿಯ ಅವಧಿಗೆ ನನ್ನ ಮಾತು ನಡೆಯಬೇಕು ಎಂದಿತ್ತು. ಚಿತ್ರೀಕರಣದ ದಿನಕ್ಕೆ ಆ ಮಾತು ಅನ್ವಯಿಸುತ್ತಿರಲಿಲ್ಲ.

ಕತಗಾಲ ಮುಟ್ಟಿದಾಗ 9.50. ಅಲ್ಲಿ ಮೂವರ ಅನಿಸಿಕೆ ರೆಕಾರ್ಡ್ ಮಾಡಲು ಬಿಸಿಲಲ್ಲೇ ನಿಲ್ಲಿಸಿದರು. ಘಟ್ಟ ಶುರುವಾದ ಮೇಲೆ ಕ್ಯಾಮೆರಾ ಗಾಡಿ ಸವಾರರ ಮುಂದೆಯೇ ಹೋಗುತ್ತಿತ್ತು. ಅದರ ಡೀಸೆಲ್ ಹೊಗೆ ಮುಖಕ್ಕೆ, ಬರುವ ಚೂರು ಗಾಳಿಗೂ ಅದೇ ಅಡ್ಡ. ರಸ್ತೆ ಅಗಲ ಮಾಡುವಾಗ ಅಂಚಿನ ಮರಗಳು ಹೋದ ಕಡೆ ನೆರಳೂ ಇಲ್ಲ. ಒಂದು ದೊಡ್ಡ ತಿರುವಿನಲ್ಲಿ ಡೈರೆಕ್ಟರ್ ಕೈ ಎತ್ತಿ ನಿಲ್ಲಿಸಿದರು: ಬಸ್ಸು ಅಡ್ಡ ಬಂತು, ಕೆಳಗಿನಿಂದ ಇನ್ನೊಮ್ಮೆ ಹತ್ತಿ ಬನ್ನಿ.

ವೇಷಧಾರಿ ಹೋಗಲಿಲ್ಲ. “ರಂಗಸ್ಥಳಕ್ಕೆ ಪ್ರವೇಶ ಆದಮೇಲೆ ಹಿಂದೆ ಹೋಗುವ ಕ್ರಮ ಇಲ್ಲ ತಮಾ” ಎಂದು ಹೇಳಿ, ಸೈಕಲ್ ನಿಲ್ಲಿಸಿ, ಬಂಡೆಯ ನೆರಳಿನಲ್ಲಿ ಕೂತು ಅಪ್ಪೆಹುಳಿ ಕುಡಿದರು. ನಟಿ ಒಮ್ಮೆ ಮಾಡಿ, ಸಾಕು ಎಂದರು. ಕಬಡ್ಡಿ ಆಟಗಾರ ಕೇಳಿದಷ್ಟು ಸಲವೂ ಇಳಿದರು, ಕೇಳಿದಷ್ಟು ಸಲವೂ ಸೀಟಿನಿಂದ ಎದ್ದು ನಿಂತು ಪೂರ್ತಿ ಜೋರಿನಲ್ಲಿ ಹತ್ತಿದರು. ಕ್ಯಾಮೆರಾ ಮುಂದೆ ಕಡಿಮೆ ಮಾಡುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ಪ್ರತಿ ರೀಟೇಕೂ ಅವರಿಗೆ ಹೊಸ ರೈಡು. ನಾನು ಎರಡನೆಯದಕ್ಕೇ ಬೇಡವೆಂದೆ, ಅವರೇ “ಇರಲಿ ಬಿಡ್ರಿ ಸರ್” ಎಂದು ಮತ್ತೆ ಇಳಿದರು.

11 ಗಂಟೆ ದಾಟಿದ ಮೇಲೆ ಅವರ ತಮಾಷೆ ನಿಂತಿತು. ಸೈಕಲ್ ಗೆರೆ ಬಿಟ್ಟು ಅತ್ತಿತ್ತ ಹೋಗತೊಡಗಿತು. ಪಕ್ಕಕ್ಕೆ ಹೋಗಿ ನೋಡಿದರೆ ಅಷ್ಟು ಸೆಕೆಯಲ್ಲಿ ತೋಳಿನ ರೋಮ ನಿಮಿರಿತ್ತು. ಚಳಿ ಎಂದರು. ನಿಲ್ಲಿಸಿ, “ಬೆಳಿಗ್ಗೆ ಯಾವ ಊರಿಂದ ಹೊರಟ್ವಿ?” ಎಂದು ಕೇಳಿದೆ. “ಹುಬ್ಬಳ್ಳಿ” ಎಂದರು. ಮರುಕ್ಷಣ ಎರಡೂ ಮೀನಖಂಡ ಸೆಟೆದು ಕೆಳಗೆ ಕೂತರು. ಬಿಸಿಲಿನಲ್ಲಿ ದುಡಿದವರ ಮಾತು ಹೀಗೆ ತಪ್ಪಿದರೆ ಅದನ್ನು ಬರೀ ಸುಸ್ತು ಎಂದು ಎಣಿಸಬಾರದು. ದೇಹದ ಒಳಗಿನ ಬಿಸಿ 40 ಡಿಗ್ರಿ ಮೀರಿರಬಹುದು, ಅದು ಜೀವಕ್ಕೆ ಅಪಾಯ. ಆಗ ಮೊದಲು ತಣಿಸಬೇಕು, ಸಾಗಿಸುವುದು ಆಮೇಲೆ.

ಜರ್ಸಿ ಕತ್ತರಿಸಿ ತೆಗೆದೆವು. ಯೂನಿಟ್ಟಿನ ನೀರಿನ ಕ್ಯಾನುಗಳನ್ನು ತಲೆ, ಕುತ್ತಿಗೆ, ಎದೆ, ತೊಡೆಗೆ ಸುರಿದೆವು. ಬೀಸಲು ಏನೂ ಇರಲಿಲ್ಲ. ಲೈಟಿಂಗ್ ಹುಡುಗರ ಬಳಿ ಬೆಳಕು ತಿರುಗಿಸುವ ದೊಡ್ಡ ಥರ್ಮೋಕೋಲ್ ಹಲಗೆಗಳಿದ್ದವು. ಒಂದೊಂದನ್ನು ಇಬ್ಬಿಬ್ಬರು ಹಿಡಿದು ಬೀಸಿದರು. ಸ್ವಲ್ಪ ಹೊತ್ತು ಚಿತ್ರೀಕರಣ ಮಾಡಿದ ಕ್ಯಾಮೆರಾಮನ್ ಆಮೇಲೆ ಕ್ಯಾಮೆರಾ ಕೆಳಗಿಟ್ಟು ಒಂದು ಹಲಗೆಯ ತುದಿ ಹಿಡಿದ. ಇನ್ನೊಂದು ತುದಿ ಡೈರೆಕ್ಟರೇ ಹಿಡಿದಿದ್ದರು. ಮಾತು ತೊದಲುತ್ತಿದ್ದುದರಿಂದ ಬಾಯಿಗೆ ಏನೂ ಹಾಕಗೊಡಲಿಲ್ಲ. ನೀರು ಶ್ವಾಸನಾಳಕ್ಕೆ ಹೋದೀತು. ಆಂಬುಲೆನ್ಸ್ ಶಿರಸಿಯ ಮುಕ್ತಾಯದ ಜಾಗದಲ್ಲಿ ನಿಂತಿತ್ತು. ಘಟ್ಟದಲ್ಲಿ ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಒಬ್ಬ ಹುಡುಗ ಬೈಕಿನಲ್ಲಿ ಮೇಲೆ ಹೋಗಿ, ಸಿಗ್ನಲ್ ಸಿಕ್ಕಿದ ಕಡೆಯಿಂದ ಫೋನ್ ಮಾಡಬೇಕಾಯಿತು.

ಅರ್ಧ ಗಂಟೆ ತಣಿಸಿದ ಮೇಲೆ ಅವರಿಗೆ ಊರು, ದಿನ, ನನ್ನ ಗುರುತು ಎಲ್ಲ ಸರಿಯಾಗಿ ಬಂತು. ಅಷ್ಟರಲ್ಲಿ ವೇಷಧಾರಿ ಹಿಂದಿನಿಂದ ತಮ್ಮ ನಿಧಾನದ ಗತಿಯಲ್ಲಿ ಹತ್ತಿ ಬಂದರು. ಇಳಿದು, ಸೆಟೆದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಪಾದವನ್ನು ಮೇಲಕ್ಕೆ ಒತ್ತಿ ಹಿಡಿದರು. ಆಂಬುಲೆನ್ಸ್ ಬಂದ ಮೇಲೆ ನನ್ನ ಕಡೆ ತಿರುಗಿ, “ಮಾಸ್ತರ್ರೇ, ನಾ ಇಲ್ಲಿ ನಿಂತರೆ ಅವನಿಗೆ ಉಪಯೋಗ ಉಂಟಾ?” ಎಂದು ಕೇಳಿದರು. ಇಲ್ಲ ಎಂದೆ. ಸೈಕಲ್ ಹತ್ತಿ ಹೊರಟರು. ರಾಗಿಹೊಸಳ್ಳಿಯಲ್ಲಿ ಚಾ ಕುಡಿದು, ಕಾಲು ಚಾಚಿ ಮಲಗಿ ಎದ್ದು, ಮಧ್ಯಾಹ್ನ ಮೂರರ ಹೊತ್ತಿಗೆ ಮಾರಿಗುಡಿಯ ಮುಂದೆ ಇಳಿದರು.

ನಟಿಯ ನಿರ್ಧಾರ ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅವರು ಸೈಕಲ್ ತಳ್ಳಿಕೊಂಡು ದೇವಿಮನೆ ದೇವಸ್ಥಾನ ತಲುಪಿ, “ಬಿಸಿಲು ಇಳಿಯೋವರೆಗೂ ನಾನು ಏಳಲ್ಲ” ಎಂದು ನೆರಳಿನಲ್ಲಿ ಕೂತುಬಿಟ್ಟರು. ಬೆಳಿಗ್ಗೆಯಾಗಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಆ ಹೊತ್ತಿಗೆ ಬೇಡ ಎನ್ನುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಊಟ ಮಾಡಿದರು, ಉಪ್ಪು ಮಜ್ಜಿಗೆ ಕುಡಿದರು, ನಿದ್ದೆ ಮಾಡಿದರು. ಮೂರೂವರೆಗೆ ಸೈಕಲ್ ಹತ್ತಿ, ಸಂಜೆ ದೀಪ ಹಚ್ಚುವ ಮೊದಲು ಶಿರಸಿ ಸೇರಿದರು. ಮೂವರಲ್ಲಿ ಅತಿ ಕಡಿಮೆ ಶಕ್ತಿಯವರು, ಹೊತ್ತನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ, ಕೊನೆಯ 30 ಕಿ.ಮೀ. ಸುಖವಾಗಿ ತುಳಿದರು.

ಆಮೇಲೆ

ಶಿರಸಿಯ ಆಸ್ಪತ್ರೆಯಲ್ಲಿ ಕಬಡ್ಡಿ ಆಟಗಾರರ ರಕ್ತ ಪರೀಕ್ಷೆಯಾಯಿತು. ಸೋಡಿಯಂ ಸ್ವಲ್ಪ ಇಳಿದಿತ್ತು. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಏಟು ಬಿದ್ದಿಲ್ಲವೆಂದು ಖಚಿತವಾಗುವವರೆಗೆ ಇಟ್ಟುಕೊಂಡು, ಒಂದು ತಿಂಗಳು ಕಠಿಣ ವ್ಯಾಯಾಮ ಬೇಡ ಎಂದು ಹೇಳಿ ಕಳಿಸಿದರು. ಅವರು ಈಗ ಆರಾಮಾಗಿದ್ದಾರೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ, ಸೈಕಲ್ ಬಿಟ್ಟಿಲ್ಲ. ಮಾತಾಡುತ್ತ ಏರು ಹತ್ತುವುದನ್ನು ಈಗ ರೂಢಿ ಮಾಡಿಕೊಂಡಿದ್ದಾರೆ.

ಪ್ರಸಾರವಾದಾಗ ಅವರು ಬಿದ್ದ ದೃಶ್ಯವನ್ನು ಸಂಗೀತ ಹಾಕಿ, ನಿಧಾನಗತಿಯಲ್ಲಿ, ಮೂರು ಸಲ ತೋರಿಸಿದರು. “ಛಲ ಬಿಡದ ಯೋಧ” ಎಂಬ ಮಾತು ಹಿನ್ನೆಲೆಯಲ್ಲಿ ಬಂತು. ನಟಿ ದೇವಿಮನೆಯಲ್ಲಿ ಮಲಗಿ ಎದ್ದದ್ದನ್ನು ಕತ್ತರಿಸಿ, ಒಂದೇ ಉಸಿರಿನಲ್ಲಿ ಶಿರಸಿ ಮುಟ್ಟಿದಂತೆ ಜೋಡಿಸಿದ್ದರು. ವೇಷಧಾರಿ ಬಂಡೆಯ ನೆರಳಲ್ಲಿ ಕೂತದ್ದು ಬರಲೇ ಇಲ್ಲ, ಮಾರಿಗುಡಿಯ ಮುಂದೆ ಕೈಮುಗಿದ ಒಂದೆರಡು ಕ್ಷಣ ಮಾತ್ರ ಬಂದರು. ನೋಡುವವರಿಗೆ ಉಪಯೋಗಕ್ಕೆ ಬರುವ ಮೂರು ಸಂಗತಿಗಳಿದ್ದವು: ನಿಲ್ಲುವುದು, ನಿರಾಕರಿಸುವುದು, ತಣಿಸುವುದು. ಮೂರನ್ನೂ ತೆಗೆದುಹಾಕಿ, ಅಪಾಯವೊಂದನ್ನೇ ಉಳಿಸಿದ್ದರು. ಇದು ನನಗೆ ಬಹಳ ಬೇಸರ ತಂದಿತು. ಅದೇ ವಾರ ನಮ್ಮ ಶಾಲೆಯ ಹೈಸ್ಕೂಲು ಹುಡುಗರು ಮಟಮಟ ಮಧ್ಯಾಹ್ನ ದೇವಿಮನೆ ಹತ್ತಲು ಹೊರಟದ್ದು ತಿಳಿದು, ಕತಗಾಲದಲ್ಲಿ ತಡೆದು ವಾಪಸು ಕರೆತಂದೆ. ನಾಲ್ವರಿಗೆ ಸೇರಿ ಇದ್ದದ್ದು ಒಂದು ಬಾಟಲಿ ನೀರು. ಅವರನ್ನು ಕೂರಿಸಿ, ಪ್ರಸಾರವಾಗದೆ ಉಳಿದದ್ದನ್ನೆಲ್ಲ ಹೇಳಿದೆ.

ಅದೇ ತಂಡ ಈಗ ಇನ್ನೊಂದು ಸರಣಿ ಹಿಡಿದು ಬಂದಿದೆ. ಈ ಬಾರಿ ಕಾರವಾರದಿಂದ ಕದ್ರಾ ಮೇಲೆ ಅಣಶಿ ಘಟ್ಟ. ಷರತ್ತುಗಳನ್ನು ಬರೆದು ಕೊಟ್ಟಿದ್ದೇನೆ. ಸವಾರರು ಎರಡು ವಾರ ಕಾರವಾರದಲ್ಲೇ ಇರಬೇಕು. ಆಂಬುಲೆನ್ಸ್ ಸವಾರರ ಹಿಂದೆಯೇ ಬರಬೇಕು, ಅದರಲ್ಲಿ ಐಸ್, ನೀರು, ವೈರ್‌ಲೆಸ್ ಸೆಟ್ ಇರಬೇಕು. ಕ್ಯಾಮೆರಾ ಗಾಡಿ ಮುಂದೆ ಹೋಗಬಾರದು. ಬೈಕಿನ ಮೇಲಿಂದಲೋ ರಸ್ತೆ ಬದಿಯಿಂದಲೋ ಚಿತ್ರೀಕರಿಸಬೇಕು. ಏರಿನಲ್ಲಿ ರೀಟೇಕ್ ಇಲ್ಲ. ಹೊರಡುವುದು ಒಂದು ಗಂಟೆಗಿಂತ ತಡವಾದರೆ ದಾರಿ ಎಷ್ಟು ತುಂಡರಿಸಬೇಕೆಂದು ತರಬೇತುದಾರ ಮತ್ತು ವೈದ್ಯರು ನಿರ್ಧರಿಸಬೇಕು, ಡೈರೆಕ್ಟರ್ ಅಲ್ಲ. ಅಂದು ಥರ್ಮೋಕೋಲ್ ಹಲಗೆ ಹಿಡಿದು ಬೀಸಿದ ಆ ಡೈರೆಕ್ಟರ್ ಹುಡುಗನೇ ಫೋನ್ ಮಾಡಿ ಮೊದಲ ನಾಲ್ಕಕ್ಕೆ ಒಪ್ಪಿಗೆ ಎಂದ. ಐದನೆಯದನ್ನು ವಾಹಿನಿಯವರ ಮುಂದೆ ಇಟ್ಟಿದ್ದಾನಂತೆ, ಇನ್ನೂ ಉತ್ತರ ಬಂದಿಲ್ಲ. ಅದು ಸಹಿಯಾಗಿ ಬರುವವರೆಗೆ ತರಬೇತಿ ಶುರು ಮಾಡುವುದಿಲ್ಲ ಎಂದು ತಿಳಿಸಿದ್ದೇನೆ.